ಖಾಲಿ ಹಾಳೆಗೆ ಸಹಿ

ನಮ್ಮ ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ನನಗೆ ಬೆನ್ನ ಹಿಂದೆ ಇಟ್ಟಿರುವ ಹೆಸರು ಕತ್ತರಿ. ಎದುರಿಗೆ ಸಿಕ್ಕಾಗ ಎಲ್ಲರೂ ಮೇಡಂ ಅನ್ನುತ್ತಾರೆ. ನಾನು ಮೂಲೆ ತಿರುಗಿದ್ದೇ ತಡ, "ಕತ್ತರಿ ಹೋಯ್ತು, ಈಗ ಉಸಿರು ಬಿಡಿ" ಅನ್ನುತ್ತಾರೆ. ನನ್ನ ಕಿವಿ ಚುರುಕಾಗಿದೆ ಅನ್ನುವುದು ಅವರಿಗೆ ಗೊತ್ತಿಲ್ಲ. ಇಲ್ಲಿನ ಹಣಕಾಸು, ನಿರ್ವಹಣೆ ಎರಡೂ ನನ್ನ ತಲೆಯ ಮೇಲಿವೆ. ಸಂಬಳ, ಕರೆಂಟು, ಫ್ರೀಜರು, ಇಲಿಗಳ ಆಹಾರ, ವಿಜ್ಞಾನಿಗಳ ಜಗಳ ಎಲ್ಲಕ್ಕೂ ನಾನೇ ಉತ್ತರ ಹೇಳಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚಿ ಎಂದು ಹೇಳುವುದು ನನ್ನ ಉದ್ಯೋಗ. ವಿಜ್ಞಾನಿಗಳೋ, ಪಕ್ಕದವರ ಹಾಸಿಗೆಯ ಮೇಲೂ ಕಾಲು ಹಾಕಿ ಮಲಗುವ ಜನ.

ನನ್ನದೊಂದು ನಿಯಮವಿತ್ತು. ವರ್ಷದ ಕೊನೆಗೆ ಯಾವ ಲ್ಯಾಬಿನ ಕಪಾಟಿನಲ್ಲಿ ಸಾಮಾನು ಉಳಿದಿರುತ್ತದೋ ಆ ಲ್ಯಾಬಿನ ಮುಂದಿನ ವರ್ಷದ ಬಜೆಟ್ಟಿನಲ್ಲಿ ಅಷ್ಟಕ್ಕೆ ಕತ್ತರಿ. ಉಳಿದಿದೆ ಅಂದರೆ ಬೇಕಿರಲಿಲ್ಲ ಅಂತ ತಾನೇ ಅರ್ಥ? ಇನ್ನೊಂದು, ಯಾವ ಸಾಮಾನನ್ನೂ ತಿಂಗಳುಗಟ್ಟಲೆ ಮೊದಲೇ ತರಿಸಿಡುವಂತಿಲ್ಲ, ಬೇಕಾದಾಗಲೇ ತರಿಸಬೇಕು. ಈ ಎರಡು ನಿಯಮಗಳಿಂದ ನಾನು ಉಳಿಸಿದ ಹಣದಲ್ಲೇ ಪುಟ್ಟಿಯ ಪ್ರಯೋಗ ಶುರುವಾಗಿದ್ದು. ಅದರ ಬಗ್ಗೆ ನನಗೆ ಹೆಮ್ಮೆಯಿತ್ತು. ಈಗಲೂ ಇದೆ.

ಪುಟ್ಟಿ ಒಬ್ಬ ದರ್ಜಿಯ ಮಗಳು. ರೋಗದ ಜೊತೆ ಹೊಡೆದಾಡುವ ಶಕ್ತಿ ಹುಟ್ಟಿನಿಂದಲೂ ಅವಳ ರಕ್ತದಲ್ಲಿಲ್ಲ. ಬೇರೆ ಮಕ್ಕಳಿಗೆ ಮೂಗು ಸೋರಿಸುವ ನೆಗಡಿ ಇವಳ ಜೀವ ತೆಗೆಯಬಹುದು. ಮನೆಯ ಒಂದು ಕೋಣೆಗೆ ಗಾಜಿನ ಬಾಗಿಲು ಹಾಕಿಸಿ ಅದರೊಳಗೇ ಅವಳನ್ನು ಬೆಳೆಸಿದ್ದರು. ನಮ್ಮ ಗುಬ್ಬಿ ಡಾಕ್ಟರ್ ಅವಳ ಮೂಳೆಯ ಮಜ್ಜೆಯಿಂದ ಜೀವಕೋಶಗಳನ್ನು ತೆಗೆದು, ಅವುಗಳಲ್ಲಿದ್ದ ದೋಷ ತಿದ್ದಿ, ಎರಡನೆಯ ಮಹಡಿಯ ಲ್ಯಾಬಿನಲ್ಲಿ ಬೆಳೆಸುತ್ತಿದ್ದರು. ಬೆಳೆದದ್ದನ್ನು ಅವಳ ಮೈಗೇ ಮರಳಿ ಸೇರಿಸಬೇಕು. ಮತ್ತೊಮ್ಮೆ ಮಜ್ಜೆ ತೆಗೆಯುವುದನ್ನು ಆ ಪುಟ್ಟ ಮೈ ತಡೆಯುವುದಿಲ್ಲ. ಹಾಗಾಗಿ ಇದೇ ಮೊದಲು, ಇದೇ ಕೊನೆ.

ಗುಬ್ಬಿ ಡಾಕ್ಟರಿಗೆ ಆ ಹೆಸರು ಬಂದದ್ದು ಅವರ ಗಾತ್ರದಿಂದ ಮತ್ತು ನಿಂತಲ್ಲಿ ನಿಲ್ಲದ ಸ್ವಭಾವದಿಂದ. ಆವತ್ತು ಬೆಳಿಗ್ಗೆ ಮಾತ್ರ ಅವರು ಸಾಮಾನು ಇಳಿಸುವ ಬಾಗಿಲ ಬಳಿ ನೆಟ್ಟ ಕಂಬದ ಹಾಗೆ ನಿಂತಿದ್ದರು. ಎದುರಿಗೆ ಬಿಳಿಯ ಥರ್ಮಾಕೋಲ್ ಪೆಟ್ಟಿಗೆಗಳು. ಒಳಗೆ ಕೋಶಗಳು ಕುಡಿದು ಬೆಳೆಯುವ ಗುಲಾಬಿ ಬಣ್ಣದ ದ್ರವ. ಮೀಡಿಯಂ ಅಂತ ಅದರ ಹೆಸರು, ನಮ್ಮಲ್ಲಿ ಎಲ್ಲರೂ ಕರೆಯುವುದು ಊಟ ಅಂತ. ಪ್ರತಿ ಪೆಟ್ಟಿಗೆಯ ಮೇಲೂ ಒಂದು ಪಟ್ಟಿ ಅಂಟಿಸಿರುತ್ತಾರೆ. ದಾರಿಯಲ್ಲಿ ಪೆಟ್ಟಿಗೆ ಬಿಸಿಯಾದರೆ ಆ ಪಟ್ಟಿ ಕೆಂಪಾಗುತ್ತದೆ. ಎಲ್ಲ ಪೆಟ್ಟಿಗೆಗಳ ಪಟ್ಟಿಯೂ ಕೆಂಪಾಗಿತ್ತು.

"ಎಲ್ಲಾ ಹಾಳಾಗಿದೆ ಮೇಡಂ," ಅಂದರು ಗುಬ್ಬಿ ಡಾಕ್ಟರ್. "ಲಾರಿ ಎಲ್ಲೋ ಬಿಸಿಲಲ್ಲಿ ನಿಂತಿದೆ."

"ಇನ್ನೊಂದು ಸಲ ತರಿಸೋಣ. ಎಷ್ಟು ಖರ್ಚಾದ್ರೂ ಪರವಾಗಿಲ್ಲ." ನನ್ನ ಬಾಯಿಂದ ಈ ಮಾತು ಬಂದದ್ದನ್ನು ಕೇಳಿ ಪಕ್ಕದಲ್ಲಿದ್ದ ಸ್ಟೋರಿನವನು ತಲೆಯೆತ್ತಿ ನೋಡಿದ.

"ಬರೋಕೆ ವಾರ ಆಗುತ್ತೆ. ಇವಕ್ಕೆ ನಾಳೆ ಸಂಜೆಯೊಳಗೆ ಊಟ ಹಾಕ್ಬೇಕು. ಇಲ್ಲಾಂದ್ರೆ ಸಾಯ್ತವೆ."

"ನಿಮ್ಮ ಹತ್ರ ಸ್ವಲ್ಪನಾದ್ರೂ ಮಿಕ್ಕಿಲ್ವಾ?"

ಅವರು ನನ್ನ ಮುಖವನ್ನೇ ನೋಡಿದರು. "ಮಿಗಿಸಿಟ್ಟುಕೊಳ್ಳೋ ಹಾಗಿಲ್ಲ ಅಂತ ನೀವೇ ಅಲ್ವಾ ಮೇಡಂ ಹೇಳಿದ್ದು? ಇಡೀ ಸಂಸ್ಥೆಯಲ್ಲಿ ನಿಮ್ಮ ಮಾತು ಕೇಳಿದ ಹುಚ್ಚಿ ನಾನೊಬ್ಬಳೇ ಇರ್ಬೇಕು."

ಆ ಮಾತು ಎದೆಗೆ ನಾಟಿತು. ಆದರೆ ಅದರ ಬಾಲದಲ್ಲಿ ಒಂದು ಆಸೆಯೂ ಇತ್ತು. ನಾನೊಬ್ಬಳೇ ಅಂದರೆ ಬೇರೆಯವರು ಕೇಳಿಲ್ಲ ಅಂತ. ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ನನ್ನ ಕೋಣೆಗೆ ಓಡಿದೆ. ಎಲ್ಲ ಲ್ಯಾಬುಗಳಿಗೂ ಇಮೇಲ್ ಕಳಿಸಿದೆ. ಇಂಥ ಮೀಡಿಯಂ ಯಾರ ಬಳಿ ಇದ್ದರೂ ಕೂಡಲೇ ತಿಳಿಸಿ, ತುಂಬಾ ತುರ್ತು ಎಂದು ಬರೆದೆ. ಚಹಾ ಆರುವುದರೊಳಗೆ ಎಲ್ಲರಿಂದಲೂ ಉತ್ತರ ಬಂತು. ಇಲ್ಲ. ನಮ್ಮಲ್ಲಿಲ್ಲ. ಖಾಲಿ. ಒಬ್ಬ ಮಹಾಶಯ ನಾನು ಕೇಳದಿದ್ದರೂ, "ಕೈಗವಸುಗಳೂ ಇಲ್ಲ" ಎಂದು ಸೇರಿಸಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವುದು ಇದಕ್ಕೇ.

ನನಗೆ ಕೋಪ ನೆತ್ತಿಗೇರಿತು. ಬೀಗದ ಕೈಗಳ ಗೊಂಚಲು ತೆಗೆದುಕೊಂಡು ಲ್ಯಾಬುಗಳಿಗೆ ನುಗ್ಗೋಣ ಅನ್ನಿಸಿತು. ಆದರೆ ಐದು ಮಹಡಿಗಳ ಕಟ್ಟಡದಲ್ಲಿ ಬಾಟಲಿ ಹುಡುಕುವುದು ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಿದಂತೆ. ಬಚ್ಚಿಟ್ಟವರೇ ತೆಗೆದು ಕೊಡಬೇಕು.

ಮನೆಗೆ ಬರುವುದು ತಡವಾಗುತ್ತದೆ ಎಂದು ಹೇಳಲು ಫೋನ್ ಮಾಡಿದೆ. ಅತ್ತೆ ಎತ್ತಿಕೊಂಡರು. ನಮ್ಮ ಅತ್ತೆ ಒಳ್ಳೆಯ ಹೆಂಗಸು, ಆದರೆ ಮೊಮ್ಮಕ್ಕಳಿಗಾಗಿ ಏನನ್ನಾದರೂ ಎಲ್ಲಿಯಾದರೂ ಬಚ್ಚಿಡುತ್ತಾರೆ. ಆಫೀಸಿನ ಗುಂಗಿನಲ್ಲೇ ನನ್ನ ಬಾಯಿಂದ ಮಾತು ಜಾರಿತು.

"ಅತ್ತೆ, ಮನೇಲಿ ಸಕ್ಕರೆ ಇದೆಯಾ?"

"ಇಲ್ಲ," ಅಂದರು, ನಾನು ಬಾಯಿ ಮುಚ್ಚುವ ಮೊದಲೇ.

"ನಿಜ ಹೇಳಿ."

ಅತ್ತೆ ದನಿ ತಗ್ಗಿಸಿ ಕೇಳಿದರು, "ನೀನು ಕೇಳ್ತಿರೋದು ಲೆಕ್ಕಾನೋ, ಸಕ್ಕರೆನೋ? ಲೆಕ್ಕ ಅಂದ್ರೆ ಇಲ್ಲ. ಸಕ್ಕರೆ ಅಂದ್ರೆ ಅಕ್ಕಿ ಡಬ್ಬಿ ಹಿಂದೆ ಇದೆ, ಬೇಕಾದಷ್ಟು ತಗೋ."

ನಾನು ಫೋನ್ ಇಟ್ಟು ಎದ್ದು ನಿಂತೆ. ನಗು ಬಂತು, ಮೈಯೆಲ್ಲ ಜುಮ್ಮೆಂದಿತು. ಬೆಳಗಿನಿಂದ ನಾನು ಕೇಳುತ್ತಿದ್ದದ್ದು ಊಟ, ಲ್ಯಾಬಿನವರ ಕಿವಿಗೆ ಬೀಳುತ್ತಿದ್ದದ್ದು ಲೆಕ್ಕ. ಹಿಂದಿನ ವರ್ಷ ನಾನೇ, "ಯಾರಲ್ಲಾದರೂ ಹೆಚ್ಚಿನ ಕೈಗವಸು ಇದೆಯಾ, ಪಕ್ಕದ ಲ್ಯಾಬಿಗೆ ಬೇಕಿತ್ತು" ಎಂದು ಸಕ್ಕರೆಯಂಥ ಮಾತಲ್ಲಿ ಕೇಳಿ, ಪಾಪ ಕೊಟ್ಟವರ ಬಜೆಟ್ಟಿಗೇ ಕತ್ತರಿ ಹಾಕಿದ್ದೆ. ಇನ್ನು ಯಾರು ನಂಬಿಯಾರು? ಬಾಯಿಮಾತಿನಿಂದ ಇದು ಆಗುವ ಕೆಲಸವಲ್ಲ.

ಮುಂದಿನ ವರ್ಷದ ಬಜೆಟ್ ಹಾಳೆಗಳು ಮೇಜಿನ ಮೇಲೆಯೇ ಇದ್ದವು, ಲ್ಯಾಬಿಗೆ ಒಂದರಂತೆ. ಮೇಲೆ ಲ್ಯಾಬಿನ ಹೆಸರು, ನಡುವೆ ಮೊತ್ತ ಬರೆಯುವ ಜಾಗ, ಕೆಳಗೆ ನನ್ನ ಸಹಿ. ಸಹಿ ಬಿದ್ದರೆ ಮುಗಿಯಿತು, ನಿರ್ದೇಶಕರೂ ಸಾಮಾನ್ಯವಾಗಿ ತಿದ್ದುವುದಿಲ್ಲ. ಖಾಲಿ ಹಾಳೆಗೆ ಸಹಿ ಹಾಕಬೇಡ, ಹಾಕುವುದಾದರೆ ಮೊದಲು ಕೈ ಕತ್ತರಿಸಿಕೊ ಎಂದು ನಮ್ಮಪ್ಪ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದರು. ನಾನು ಪೆನ್ನು ತೆಗೆದು ಎಲ್ಲ ಹಾಳೆಗಳಿಗೂ ಸಹಿ ಹಾಕಿದೆ. ಮುದ್ರೆಯನ್ನೂ ಒತ್ತಿದೆ. ಮೊತ್ತದ ಜಾಗ ಖಾಲಿ ಬಿಟ್ಟೆ. ಎದೆ ಡವಗುಟ್ಟುತ್ತಿತ್ತು, ಆದರೂ ಖುಷಿ ಅಂದರೆ ಖುಷಿ. ಶಾಲೆಯ ಗೋಡೆ ಹಾರಿದ ದಿನವೂ ಹೀಗೆಯೇ ಆಗಿತ್ತು.

ಹಾಳೆಗಳನ್ನು ನೆಲಮಹಡಿಯ ಪಡಸಾಲೆಯ ಉದ್ದ ಮೇಜಿನ ಮೇಲೆ ಸಾಲಾಗಿ ಇಟ್ಟು, ಗಾಳಿಗೆ ಹಾರದಂತೆ ಪೆನ್ನುಗಳನ್ನು ಮೇಲಿಟ್ಟೆ. ಆಮೇಲೆ, ಬೆಂಕಿ ಬಿದ್ದರೆ ಮಾತ್ರ ಬಳಸಬೇಕೆಂದು ಇಟ್ಟಿದ್ದ ಮೈಕನ್ನು ಹಿಡಿದೆ. ಐದು ಮಹಡಿಗಳಲ್ಲೂ ನನ್ನ ಸ್ವರ ಗುಡುಗಿತು.

"ನಾನು ಕತ್ತರಿ ಮಾತಾಡ್ತಿದ್ದೀನಿ."

ಎಲ್ಲೋ ಮೇಲೆ ಗಾಜಿನ ಲೋಟ ಬಿದ್ದು ಒಡೆದ ಸದ್ದಾಯಿತು.

"ಪುಟ್ಟಿಯ ಕೋಶಗಳಿಗೆ ಊಟ ಇಲ್ಲ. ಬಂದಿದ್ದೆಲ್ಲಾ ಹಾಳಾಗಿದೆ. ನಾಳೆ ಸಂಜೆಯೊಳಗೆ ಊಟ ಸಿಗದಿದ್ರೆ ಆ ಮಗುಗೆ ಇನ್ನೊಂದು ಅವಕಾಶ ಇಲ್ಲ. ನೀವು ಬಚ್ಚಿಟ್ಟಿದ್ದೀರ ಅಂತ ನಂಗೊತ್ತು. ಯಾಕೆ ಅಂತಾನೂ ಗೊತ್ತು. ಕೆಳಗೆ ಮೇಜಿನ ಮೇಲೆ ನಿಮ್ಮ ನಿಮ್ಮ ಬಜೆಟ್ ಹಾಳೆ ಇದೆ. ನನ್ನ ಸಹಿ ಬಿದ್ದಿದೆ, ಮೊತ್ತ ಖಾಲಿ ಇದೆ. ಬಂದು ನೀವೇ ಬರ್ಕೊಳ್ಳಿ. ಅದಾದ್ಮೇಲೆ ಬಚ್ಚಿಟ್ಟಿದ್ದನ್ನ ಹೊರಗೆ ತನ್ನಿ. ನಾನು ಲೆಕ್ಕ ಕೇಳ್ತಿಲ್ಲ, ಊಟ ಕೇಳ್ತಿದ್ದೀನಿ."

ಮೊದಲು ಯಾರೂ ಬರಲಿಲ್ಲ. ಮೆಟ್ಟಿಲ ಮೇಲೆ ತಲೆಗಳು ಮಾತ್ರ ಇಣುಕಿದವು. ಕೊನೆಗೆ ಮೆದುಳಿನ ಲ್ಯಾಬಿನ ಒಬ್ಬಾಕೆ ಇಳಿದು ಬಂದು, ತಮ್ಮ ಹಾಳೆಯನ್ನು ಬೆಳಕಿಗೆ ಹಿಡಿದು ನನ್ನ ಸಹಿಯನ್ನು ನೋಡಿದರು. ಬೆರಳಿನಿಂದ ಉಜ್ಜಿಯೂ ನೋಡಿದರು. ಮಸಿ ಅಂಟಿತು. "ಅಯ್ಯೋ, ನಿಜವಾಗ್ಲೂ ಹಾಕ್ಬಿಟ್ಟಿದ್ದಾರೆ!" ಎಂದು ಮೇಲಕ್ಕೆ ಕೂಗಿದರು.

ಆಮೇಲೆ ನೋಡಬೇಕಿತ್ತು. ಅಣೆಕಟ್ಟಿನ ಬಾಗಿಲು ತೆಗೆದಂತಾಯಿತು. ಸೀಲಿಂಗಿನ ಹಲಗೆ ಸರಿಸಿ ಕೈಗವಸಿನ ಪೆಟ್ಟಿಗೆಗಳನ್ನು ಇಳಿಸಿದರು. ಸೋಫಾದ ಹೊಟ್ಟೆಯಿಂದ ನಳಿಗೆಗಳು ಬಂದವು. 'ಇಲಿಗಳಿವೆ, ತೆಗೆಯಬೇಡಿ' ಎಂದು ಬರೆದಿದ್ದ ಕಪಾಟಿನಲ್ಲಿ ಒಂದು ಇಲಿಯೂ ಇರಲಿಲ್ಲ, ಬರೀ ಸೂಜಿಗಳು. ನಾಲ್ಕನೆಯ ಮಹಡಿಯವರು ನಾನು ಹೋದಾಗಲೆಲ್ಲ ಚಹಾ ಇಟ್ಟು ಕೊಡುತ್ತಿದ್ದ ಚೌಕದ ಮೇಜನ್ನೇ ಹೊತ್ತು ತಂದರು. ಮೇಲಿನ ಬಟ್ಟೆ ತೆಗೆದರೆ ಒಳಗೆ ಹೊಚ್ಚ ಹೊಸ ಸೆಂಟ್ರಿಫ್ಯೂಜ್, ನಳಿಗೆಗಳನ್ನು ಗಿರಗಿರ ತಿರುಗಿಸುವ ಯಂತ್ರ!

"ಇದರ ಮುಂದೆ ಕೂತ್ಕೊಂಡು ನಾನು ನಿಮಗೆ ಮಿತವ್ಯಯದ ಪಾಠ ಹೇಳಿದ್ದೀನಲ್ರೀ!" ಎಂದೆ.

"ಚೆನ್ನಾಗಿ ಹೇಳಿದ್ರಿ ಮೇಡಂ," ಅಂದರು ಅವರು, ವಿನಯದಿಂದ.

ಪಡಸಾಲೆ ಸಂತೆಯಾಯಿತು. ಯಾರೋ ನಗುತ್ತಿದ್ದರು, ಯಾರೋ ಹಳೆಯ ಕಳ್ಳತನಗಳನ್ನು ಹೇಳಿಕೊಂಡು ಬೆನ್ನು ತಟ್ಟಿಕೊಳ್ಳುತ್ತಿದ್ದರು. ಈ ಗದ್ದಲಕ್ಕೆ ನಿರ್ದೇಶಕರೂ ಇಳಿದು ಬಂದರು. ಒಂದು ಹಾಳೆ ಎತ್ತಿಕೊಂಡು ಓದಿದ್ದೇ ಅವರ ಮುಖ ಬಿಳಿಚಿಕೊಂಡಿತು.

"ಆಡಳಿತ ಮಂಡಳಿಗೆ ನಾನು ಏನಂತ ಹೇಳ್ಲಿ? ನಿಮ್ಮ ಕೆಲಸ ಹೋಗುತ್ತೆ, ಗೊತ್ತಾ?"

"ಹೋದ್ರೆ ಹೋಗ್ಲಿ ಸರ್. ಮೊದಲು ಕೋಶ ಉಳೀಲಿ. ಆ ಕಡೆ ಸ್ವಲ್ಪ ಜರುಗಿ, ಪೆಟ್ಟಿಗೆ ಬರ್ತಿದೆ."

ಅವರು ಜರುಗಿದರು. ಆಮೇಲೆ ಕೋಟು ಬಿಚ್ಚಿ, ಪೆಟ್ಟಿಗೆಯ ಇನ್ನೊಂದು ತುದಿ ಹಿಡಿದರು.

ಗುಬ್ಬಿ ಡಾಕ್ಟರ್ ಮಾತ್ರ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹಾರುತ್ತಿದ್ದರು. ಒಂದೊಂದನ್ನು ತೆರೆದಾಗಲೂ ಅವರ ಮುಖ ಇಳಿಯುತ್ತಿತ್ತು. ಊರಿಗಾಗುವಷ್ಟು ಸಾಮಾನು ಬಂತು, ಬೇಕಾದ ಊಟ ಮಾತ್ರ ಬರಲಿಲ್ಲ. ಸಂಜೆಯಾಗುತ್ತಾ ಬಂದಿತ್ತು. ಮೇಜಿನ ಮೇಲೆ ಇನ್ನೂ ಒಂದೇ ಒಂದು ಹಾಳೆಯನ್ನು ಯಾರೂ ಮುಟ್ಟಿರಲಿಲ್ಲ. ಅದು ಇರುವೆಯದು.

ಇರುವೆ ಅನ್ನುವುದು ಮೂರನೆಯ ಮಹಡಿಯ ಹಿರಿಯ ವಿಜ್ಞಾನಿಯ ಅಡ್ಡಹೆಸರು. ಕೂಡಿಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ನಿವೃತ್ತಿ ಹತ್ತಿರ ಬಂದಿತ್ತು. ಅವರೂ ಕೋಶಗಳ ಮೇಲೆಯೇ ಒಂದು ಪ್ರಯೋಗ ಮಾಡಬೇಕೆಂದಿದ್ದರು. ಪುಟ್ಟಿಯ ಪ್ರಯೋಗಕ್ಕೆ ಕಡಿಮೆ ಬಿದ್ದ ಹಣ ಹೊಂದಿಸಲು ನಾನು ಅದಕ್ಕೆ ಕತ್ತರಿ ಹಾಕಿದ್ದೆ. ಅಂದಿನಿಂದ ಅವರು ನನ್ನ ಜೊತೆಗೂ ಗುಬ್ಬಿ ಡಾಕ್ಟರ ಜೊತೆಗೂ ಮಾತು ಬಿಟ್ಟಿದ್ದರು. ಲಿಫ್ಟಿನಲ್ಲಿ ನಾವಿದ್ದರೆ ಮೆಟ್ಟಿಲು ಹತ್ತುತ್ತಿದ್ದರು.

"ಅವರ ಹತ್ರ ಇದ್ದೇ ಇರುತ್ತೆ," ಅಂದರು ಗುಬ್ಬಿ ಡಾಕ್ಟರ್, ನನ್ನ ತೋಳು ಹಿಡಿದು. "ಅವರ ಪ್ರಯೋಗಕ್ಕೂ ಇದೇ ಊಟ ಬೇಕಿತ್ತು. ಆದ್ರೆ ಅವರು ನಮಗೆ ಕೊಡ್ತಾರಾ ಮೇಡಂ?"

ನಾನು ಅವರ ಲ್ಯಾಬಿಗೆ ಓಡಿದೆ. ಬಾಗಿಲು ಹಾಕಿತ್ತು, ದೀಪ ಆರಿತ್ತು. ಮನೆಗೆ ಹೋಗಿಬಿಟ್ಟರೇ? ಇಷ್ಟು ಕೇಳಿಯೂ ಹೋಗಿಬಿಟ್ಟರೇ? ನನಗೆ ಅಳು ಬಂತು, ಅದರ ಬೆನ್ನಿಗೇ ಸಿಟ್ಟು ಬಂತು. ಬೈಗುಳಗಳನ್ನು ನಾಲಗೆಯ ತುದಿಯಲ್ಲಿ ಜೋಡಿಸಿಕೊಳ್ಳುತ್ತಾ ಕೆಳಗೆ ಬರುತ್ತಿದ್ದೆ. ಆಗ ಪಡಸಾಲೆಯ ಕೊನೆಯಲ್ಲಿದ್ದ ಕೋಲ್ಡ್ ರೂಮಿನ ಬಾಗಿಲು ತೆರೆಯಿತು. ಇರುವೆ ಒಂದು ಕೈಗಾಡಿ ತಳ್ಳಿಕೊಂಡು ಹೊರಗೆ ಬಂದರು. ಒಳಗಿನ ಚಳಿಯಿಂದ ಹೊರಗಿನ ಸೆಕೆಗೆ ಬಂದದ್ದೇ ಅವರ ಕನ್ನಡಕದ ಮೇಲೆಲ್ಲ ಹಬೆ ಕೂತು ದಾರಿ ಕಾಣದಾಯಿತು. ಆದರೂ ಗಾಡಿ ಬಿಡಲಿಲ್ಲ. ನಾವೇ ಅತ್ತಿತ್ತ ಸರಿದು ದಾರಿ ಬಿಟ್ಟೆವು.

ಗಾಡಿಯ ತುಂಬ ಬಾಟಲಿಗಳು. ಎಲ್ಲದರ ಮೇಲೂ 'ನೆಲ ತೊಳೆಯುವ ದ್ರವ, ಹಳೆಯದು' ಎಂದು ಅವರ ದುಂಡು ಅಕ್ಷರದ ಚೀಟಿ. ಚೀಟಿಯ ಕೆಳಗೆ ಗುಲಾಬಿ ಬಣ್ಣ.

"ಒಳಗೆ ಏನ್ ಮಾಡ್ತಿದ್ರಿ ಇಷ್ಟು ಹೊತ್ತು?" ಎಂದು ಕಿರುಚಿದೆ.

"ಮುಚ್ಚಳ ನೋಡ್ತಿದ್ದೆ. ತಾರೀಖು ನೋಡ್ತಿದ್ದೆ." ಅವರ ಹಲ್ಲುಗಳು ಚಳಿಗೆ ಕಟಕಟ ಅನ್ನುತ್ತಿದ್ದವು. "ಮಗೂಗೆ ಕೊಡೋದು. ಒಂದು ಬಾಟಲಿ ಕೆಟ್ಟಿದ್ರೂ ಕೊಡಬಾರ್ದಲ್ಲ."

ಗುಬ್ಬಿ ಡಾಕ್ಟರ್ ಅಳಲು ಶುರುಮಾಡಿದರು. ಇರುವೆ ಆಕೆಯ ಕಡೆ ನೋಡದೆ ಕನ್ನಡಕ ಒರೆಸಿಕೊಂಡರು. "ಅಳ್ಬೇಡಮ್ಮ. ಉಪ್ಪುನೀರು ಬೀಳುತ್ತೆ," ಅಂದರು. ಅಷ್ಟು ದಿನಗಳ ಮೇಲೆ ಆಕೆಗೆ ಅವರು ಆಡಿದ ಮೊದಲ ಮಾತು ಅದು.

ನಾನು ಅವರ ಹಾಳೆಯನ್ನೂ ಪೆನ್ನನ್ನೂ ಮುಂದೆ ಹಿಡಿದೆ. ಆ ಬಾಟಲಿಗಳು ಅವರ ಪಾಲಿಗೆ ಏನು ಅನ್ನುವುದು ನನಗೆ ಗೊತ್ತಿತ್ತು. ಅವು ಇರುವ ತನಕ ಪ್ರಯೋಗ ಎಂದಾದರೂ ಶುರುವಾಗಬಹುದು ಅನ್ನುವ ಆಸೆ. "ಬರೀರಿ. ನಿಮ್ಮ ಪ್ರಯೋಗಕ್ಕೆ ಎಷ್ಟು ಬೇಕೋ ಅಷ್ಟು."

"ನಾಳೆ ನೀವೇ ಇಲ್ಲಿ ಇರಲ್ಲ ಅಂತಿದ್ದಾರೆ ಎಲ್ರೂ."

"ಇರೋ ತನಕ ನನ್ನ ಸಹಿ ಸಹೀನೇ. ಬರೀರಿ."

ಅವರು ಬರೆದರು. ದೊಡ್ಡ ಮೊತ್ತವನ್ನೇ ಬರೆದರು, ಮುದುಕ ಸಂಕೋಚಪಡಲಿಲ್ಲ. ನನಗೆ ಒಮ್ಮೆ ಕಣ್ಣು ಕತ್ತಲೆ ಬಂದದ್ದು ಸುಳ್ಳಲ್ಲ.

ಅಷ್ಟರಲ್ಲಿ ಗುಂಪನ್ನು ಸೀಳಿಕೊಂಡು ಗುಣಮಟ್ಟ ವಿಭಾಗದ ಅಧಿಕಾರಿ ಬಂದರು. ಇವರನ್ನು ನಾವು ಅನುಮಾನ ಅನ್ನುತ್ತೇವೆ. ತಮ್ಮ ನೆರಳನ್ನೂ ಪರೀಕ್ಷೆಗೆ ಕಳಿಸುವ ಆಸಾಮಿ. ಅವರು ಹೂಂ ಅನ್ನದೆ ಒಂದು ಹನಿಯೂ ಪುಟ್ಟಿಯ ಕೋಶಗಳನ್ನು ಮುಟ್ಟುವಂತಿಲ್ಲ. ಬಾಟಲಿ ಎತ್ತಿ ಚೀಟಿ ಓದಿದರು. "ನೆಲ ತೊಳೆಯೋ ದ್ರವಾನ ಮಗೂಗೆ ಹಾಕೋಕಾಗಲ್ಲ."

"ಚೀಟಿ ಕೀಳ್ರೀ!" ಎಂದು ನಾವು ಮೂವರೂ ಒಟ್ಟಿಗೆ ಕೂಗಿದೆವು.

ಕಿತ್ತರು. ಕೆಳಗೆ ಕಂಪನಿಯ ಮೂಲ ಚೀಟಿ ಹಾಗೇ ಇತ್ತು, ದಿನಾಂಕ ಇನ್ನೂ ಮೀರಿರಲಿಲ್ಲ. ಕೋಲ್ಡ್ ರೂಮಿನ ಉಷ್ಣಾಂಶ ಒಂದು ದಿನವೂ ಏರುಪೇರಾಗಿಲ್ಲ ಎಂದು ಗೋಡೆಯ ಯಂತ್ರ ಸಾಕ್ಷಿ ಹೇಳಿತು. ಅನುಮಾನ ಒಂದೊಂದೇ ಬಾಟಲಿಯನ್ನು ದೀಪಕ್ಕೆ ಹಿಡಿದು ನೋಡಿದರು, ಒಂದನ್ನು ಪರೀಕ್ಷೆಗೆ ಒಯ್ದರು. ನಾವೆಲ್ಲ ಹೆರಿಗೆ ಕೋಣೆಯ ಹೊರಗೆ ಕಾಯುವ ನೆಂಟರ ಹಾಗೆ ಕಾದೆವು. ಮರಳಿ ಬಂದವರು, "ಊಟ ಚೆನ್ನಾಗಿದೆ," ಅಂದರು. ಆಗ ಎದ್ದ ಕೂಗಿಗೆ ಕಿಟಕಿಯ ಗಾಜು ನಡುಗಿತು.

"ಆದ್ರೆ ತಪ್ಪು ಚೀಟಿ ಅಂಟಿಸಿದ್ದಕ್ಕೆ ಕಾರಣ ದಾಖಲಾಗಬೇಕು," ಅಂದರು ಅನುಮಾನ. "ಕಾರಣ ಏನಂತ ಬರೀಲಿ?"

"ಕತ್ತರಿ ಭಯ ಅಂತ ಬರೀರಿ," ಅಂದರು ಇರುವೆ.

"ಬರೀರಿ," ಎಂದೆ ನಾನು. "ಕೆಳಗೆ ನಾನೂ ಸಹಿ ಹಾಕ್ತೀನಿ. ಇವತ್ತು ಹೇಗೂ ಕೈ ಪಳಗಿದೆ."

ಕತ್ತಲಾಗುವ ಮೊದಲೇ ಕೋಶಗಳಿಗೆ ಊಟ ಬಿತ್ತು. ಹಾಕಿದವರು ಗುಬ್ಬಿ ಡಾಕ್ಟರ್, ಬಾಟಲಿ ಹಿಡಿದು ಪಕ್ಕದಲ್ಲಿ ನಿಂತವರು ಇರುವೆ. ಇನ್ನು ಬೆಳಿಗ್ಗೆಯ ತನಕ ಮಾಡುವುದೇನೂ ಇರಲಿಲ್ಲ. ಹಸಿದ ಕೋಶಗಳು ತಿಂದು ಚೇತರಿಸಿಕೊಳ್ಳಬಹುದು, ಇಲ್ಲದೆಯೂ ಹೋಗಬಹುದು ಅಂದರು ಗುಬ್ಬಿ ಡಾಕ್ಟರ್.

ಮರುದಿನ ಬೆಳಿಗ್ಗೆ ನನ್ನ ಮೇಜಿನ ಮೇಲೆ ತುಂಬಿದ ಹಾಳೆಗಳ ಕಟ್ಟು ಇತ್ತು. ಹೆಚ್ಚಿನವರು ಹಿಂದಿನ ವರ್ಷದ ಮೊತ್ತವನ್ನೇ ಬರೆದಿದ್ದರು. ಒಬ್ಬರು ಇನ್ನೂ ಕಡಿಮೆ ಬರೆದು, 'ಸೀಲಿಂಗಿನಲ್ಲಿದ್ದದ್ದೇ ಸಾಕಾಗುತ್ತದೆ' ಎಂದು ಸೇರಿಸಿದ್ದರು. ಪಕ್ಕದಲ್ಲೇ ಆಡಳಿತ ಮಂಡಳಿಯ ತುರ್ತು ಸಭೆಗೆ ನನಗೆ ಕರೆ. ಓದಿ ಮುಗಿಸುವಷ್ಟರಲ್ಲಿ ಗುಬ್ಬಿ ಡಾಕ್ಟರ್ ಬಾಗಿಲು ಬಡಿಯದೆ ಒಳಗೆ ನುಗ್ಗಿ ನನ್ನ ಕೈ ಹಿಡಿದು ಎಳೆದರು. ಎರಡನೆಯ ಮಹಡಿಗೆ ಎಳೆದೊಯ್ದು, ನಿಲುವಂಗಿ ತೊಡಿಸಿ, ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು.

ಈ ಕಟ್ಟಡದ ಎಲ್ಲ ಮೈಕ್ರೋಸ್ಕೋಪುಗಳನ್ನೂ ಕೊಂಡವಳು ನಾನು. ಒಂದರಲ್ಲೂ ಕಣ್ಣಿಟ್ಟು ನೋಡಿರಲಿಲ್ಲ. ಮೊದಲು ನನ್ನ ರೆಪ್ಪೆಗಳೇ ಕಂಡವು. ಆಮೇಲೆ ಬೆಳಕು, ಬೆಳಕಿನಲ್ಲಿ ದುಂಡಗಿನ ಹೊಳೆಯುವ ಹನಿಗಳು, ಒಂದಲ್ಲ, ಹತ್ತಲ್ಲ, ಕಣ್ಣು ಹಾಯಿಸಿದಲ್ಲೆಲ್ಲ. ಕೆಲವು ನಡುವೆ ಸೊಂಟ ಹಿಡಿದಂತೆ ಬಳುಕಿ ಎರಡಾಗುತ್ತಿದ್ದವು.

"ಇವು ಬದುಕಿವೆಯಾ?" ಎಂದು ಕೇಳಿದೆ.

"ಬದುಕೋದೇನು, ಮನೆ ತುಂಬ ಮಕ್ಕಳು ಮಾಡ್ಕೊಂಡಿವೆ," ಅಂದರು ಇರುವೆ ಹಿಂದಿನಿಂದ. ಅವರು ಬೆಳಗಾಗುವ ಮೊದಲೇ ಬಂದು ಅಲ್ಲೇ ಕೂತಿದ್ದರಂತೆ. ನನ್ನ ಜೀವಮಾನದಲ್ಲಿ ಇಷ್ಟು ಸಂತೋಷ ನನಗೆ ಆದದ್ದು ನೆನಪಿಲ್ಲ. ಕೂತಲ್ಲೇ ಕುಣಿಯುವ ಹಾಗಾಯಿತು. ಮಂಡಳಿಯವರು ಕಾಯಲಿ ಎಂದುಕೊಂಡೆ.

ಇನ್ನು ಪುಟ್ಟಿಯನ್ನು ಕರೆಸಬೇಕು. ಗಾಡಿ, ಶುದ್ಧಗಾಳಿಯ ಕೋಣೆ, ಎಲ್ಲದರ ಏರ್ಪಾಡು ನನ್ನದೇ. ಅಲ್ಲಿಂದಲೇ ಅವಳ ಮನೆಗೆ ಫೋನ್ ಮಾಡಿದೆ. ಆ ಕಡೆ ಹೊಲಿಗೆ ಯಂತ್ರ ಗಡಗಡ ಓಡುತ್ತಿತ್ತು. "ಸಂಶೋಧನಾ ಸಂಸ್ಥೆಯ ಹಣಕಾಸು ವಿಭಾಗದಿಂದ ಮಾತಾಡ್ತಿದ್ದೀನಿ," ಎಂದೆ, ರೂಢಿಯ ಹಾಗೆ. ಯಂತ್ರ ನಿಂತಿತು.

"ಹೇಳಿ ಮೇಡಂ," ಅಂದ ಪುಟ್ಟಿಯ ಅಪ್ಪ. ನಾನು ಬಾಯಿ ತೆರೆಯುವುದರೊಳಗೆ ಅವನೇ ಮುಂದುವರಿಸಿದ, "ಎಷ್ಟು ತರ್ಬೇಕು ಅಂತ ಹೇಳ್ಬಿಡಿ. ಈ ಮೆಷಿನ್ ಒಂದಿದೆ, ಸಂಜೆಯೊಳಗೆ ಮಾರಿ ತರ್ತೀನಿ. ಕೋಶ ಮಾತ್ರ ಬಿಸಾಡ್ಬೇಡಿ ಮೇಡಂ."

ಗುಬ್ಬಿ ಡಾಕ್ಟರೂ ಇರುವೆಯೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಹೇಳಿದೆ.

"ಏನೂ ತರ್ಬೇಡಿ. ಪುಟ್ಟಿನ ಕರ್ಕೊಂಡು ಬನ್ನಿ."